ಲಮಾರ್ ಜಾಕ್ಸನ್‌ಗೆ ನಿಜವಾಗಿ ಚೆಂಡು ಎಸೆಯಲು ಬರುತ್ತದೆಯೇ?

ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡಿಗರು, ಅದರಲ್ಲೂ ಕ್ರಿಕೆಟ್ ನೋಡುತ್ತ ಬೆಳೆದು ಆಮೇಲೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಮನಸೋತವರು, ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದೇ. ಬಾಲ್ಟಿಮೋರ್ ರೇವನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆಯುವ ಇಲ್ಲವೇ ಓಡಲು ಇನ್ನೊಬ್ಬನಿಗೆ ಕೊಡುವ ಆಟಗಾರ) ಲಮಾರ್ ಜಾಕ್ಸನ್ ಓಡುತ್ತಾನೆ, ಒಪ್ಪಿದೆವು. ಆದರೆ ಎಸೆಯಲು ಬರುತ್ತದೆಯೇ? ಇದರ ಬಾಲ ಹಿಡಿದು ಇನ್ನೊಂದು ಪ್ರಶ್ನೆಯೂ ಬರುತ್ತದೆ: ಅಷ್ಟು ಒಳ್ಳೆಯವನಾದರೆ ಜನವರಿಯಲ್ಲಿ, ಅಂದರೆ ಸೋತರೆ ಮನೆಗೆ ಹೋಗುವ ಪ್ಲೇಆಫ್ ಪಂದ್ಯಗಳಲ್ಲಿ, ಯಾಕೆ ಸೋಲುತ್ತಾನೆ?

ಎಸೆಯಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕೊರತೆಗಳೂ ಇವೆ. ಆದರೆ ಜನ ಬೆರಳು ತೋರಿಸುವ ಕಡೆ ಅವು ಇಲ್ಲ.

ಈ ಅನುಮಾನ ಅವನ ಬೆನ್ನು ಹತ್ತಿದ್ದು ಎನ್‌ಎಫ್‌ಎಲ್‌ಗೆ ಬರುವ ಮೊದಲೇ. 2016ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಆಡುತ್ತ, ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದವನು ಅವನು. ಆದರೂ 2018ರ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಮುಂಚೆ, ಹಲವು ತಂಡಗಳನ್ನು ಕಟ್ಟಿದ ಅನುಭವಿ ಬಿಲ್ ಪೋಲಿಯನ್ ಅವರು, ಈ ಹುಡುಗ ಕ್ವಾರ್ಟರ್‌ಬ್ಯಾಕ್ ಜಾಗ ಬಿಟ್ಟು, ಎಸೆದ ಚೆಂಡು ಹಿಡಿಯುವ ರಿಸೀವರ್ ಆಗಲಿ ಎಂದರು. ಆಮೇಲೆ ತಾವು ತಪ್ಪಿದ್ದಾಗಿ ಒಪ್ಪಿಕೊಂಡರು. ಡ್ರಾಫ್ಟ್‌ನಲ್ಲಿ ಬೇಕರ್ ಮೇಫೀಲ್ಡ್, ಸ್ಯಾಮ್ ಡಾರ್ನಲ್ಡ್, ಜಾಶ್ ಆಲನ್, ಜಾಶ್ ರೋಸನ್, ಈ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಮೊದಲು ಹೋದರು. ಲಮಾರ್‌ನ ಹೆಸರು ಕೂಗಿದ್ದು ಮೊದಲ ಸುತ್ತಿನ ಕಟ್ಟಕಡೆಯ, ಅಂದರೆ 32ನೇ ಆಯ್ಕೆಯಲ್ಲಿ. ಕರಿಯ ಕ್ವಾರ್ಟರ್‌ಬ್ಯಾಕ್‌ಗಳಿಗೆ "ನಿನ್ನ ಜಾಗ ಇದಲ್ಲ" ಎಂದು ಹೇಳುವುದು ಈ ಆಟದಲ್ಲಿ ಹಳೆಯ ಚಾಳಿ. 1978ರಲ್ಲಿ ವಾರೆನ್ ಮೂನ್‌ರನ್ನು ಯಾವ ತಂಡವೂ ಆರಿಸದೆ ಅವರು ಕೆನಡಾಕ್ಕೆ ಹೋಗಿ ಆಡಬೇಕಾಯಿತು. ಲಮಾರ್ ಬಗ್ಗೆ ವಾದ ಮಾಡುವವರು ಈ ಹಿನ್ನೆಲೆ ತಿಳಿದಿರಬೇಕು; ಇಲ್ಲದಿದ್ದರೆ ಹಳೆಯ ಪೂರ್ವಗ್ರಹವನ್ನೇ ತಾಂತ್ರಿಕ ವಿಮರ್ಶೆ ಎಂದು ನಂಬಿಬಿಡುವ ಅಪಾಯವಿದೆ.

ಈಗ ಅಂಕಿಗೆ ಬರೋಣ. ಎಸೆತಗಾರನನ್ನು ಅಳೆಯುವ ಪಾಸರ್ ರೇಟಿಂಗ್ ಎಂಬ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ, ಅದನ್ನು ಕಟ್ಟುವ ಬಗೆ ಗೊತ್ತಿರುವವರು ಕಡಿಮೆ. ಅದರಲ್ಲಿ ನಾಲ್ಕು ಭಾಗಗಳಿವೆ. 2024ರಲ್ಲಿ ಲಮಾರ್ 474 ಸಲ ಎಸೆದ. 316 ತನ್ನವರ ಕೈಸೇರಿದವು, 4172 ಯಾರ್ಡ್, 41 ಟಚ್‌ಡೌನ್ (ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿ ಬರುವ ಅಂಕ), 4 ಇಂಟರ್ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಎಸೆತ). ಕೈಸೇರಿದ್ದು ಶೇ. 66.67, ಅದರಲ್ಲಿ 30 ಕಳೆದು 0.05ರಿಂದ ಗುಣಿಸಿದರೆ 1.833. ಒಂದು ಎಸೆತಕ್ಕೆ 8.80 ಯಾರ್ಡ್, 3 ಕಳೆದು 0.25ರಿಂದ ಗುಣಿಸಿದರೆ 1.450. ಟಚ್‌ಡೌನ್ ಶೇ. 8.65, ಅದರ ಐದನೇ ಒಂದು ಪಾಲು 1.730. ಇಂಟರ್ಸೆಪ್ಷನ್ ಶೇ. 0.84, ಅದರ ಕಾಲು ಪಾಲನ್ನು 2.375ರಿಂದ ಕಳೆದರೆ 2.164. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ: 119.6. ಪ್ರತಿ ಭಾಗಕ್ಕೂ 2.375ರ ಮಿತಿ ಇರುವುದರಿಂದ ಗರಿಷ್ಠ ರೇಟಿಂಗ್ 158.3.

119.6 ಅಂದರೆ ಅತ್ಯುತ್ತಮ. ಎಸೆಯಲು ಬಾರದವನು ಇಡೀ ಸೀಸನ್ ಈ ಮಟ್ಟ ಕಾಯ್ದುಕೊಳ್ಳಲಾರ. ಅದೇ ವರ್ಷ 915 ಯಾರ್ಡ್ ಓಡಿದ್ದಾನೆ. ಒಂದೇ ಸೀಸನ್‌ನಲ್ಲಿ 4000 ಯಾರ್ಡ್ ಎಸೆದು 900 ಯಾರ್ಡ್ ಓಡಿದವರು ಅವನಿಗಿಂತ ಮುಂಚೆ ಯಾರೂ ಇಲ್ಲ. ಆದರೆ ಈ ರೇಟಿಂಗ್‌ನಲ್ಲಿ ಓಟ ಸೇರಿಲ್ಲ, ಸ್ಯಾಕ್ (ಎಸೆಯುವ ಮೊದಲೇ ಕೆಡವಿಸಿಕೊಳ್ಳುವುದು) ಸೇರಿಲ್ಲ, ಫಂಬಲ್ (ಚೆಂಡು ಕೈಜಾರುವುದು) ಸೇರಿಲ್ಲ. ಬ್ಯಾಟ್ಸ್‌ಮನ್‌ನ ಸರಾಸರಿ ನೋಡಿ, ಆಫ್‌ಸ್ಟಂಪ್ ಆಚೆ ಹೊರಳುವ ಚೆಂಡನ್ನು ಅವನು ಬಿಡುತ್ತಾನೋ ಕೆಣಕುತ್ತಾನೋ ಎಂದು ಹೇಳಲಾಗದು. ಇದೂ ಹಾಗೆಯೇ.

ಹಾಗಾಗಿ ಮೈದಾನದಲ್ಲಿ ಏನು ನಡೆಯುತ್ತದೆ ನೋಡಬೇಕು. ಅವನ ಓಟವನ್ನೂ ಎಸೆತವನ್ನೂ ಬೇರೆ ಬೇರೆ ಖಾತೆಗೆ ಬರೆಯುವುದೇ ಈ ಚರ್ಚೆಯ ಮೂಲ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಮಾನ್ಯ ಓಟದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ಸುಮ್ಮನಾಗುತ್ತಾನೆ. ಅವನನ್ನೂ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನೂ ಬಿಟ್ಟರೆ ಎದುರಾಳಿಯನ್ನು ತಡೆಯಲು ಉಳಿದವರು ಒಂಬತ್ತು ಜನ, ಎದುರಿಗೆ ಹನ್ನೊಂದು. ರಕ್ಷಣೆಗೆ ಇಬ್ಬರು ಹೆಚ್ಚುವರಿ. ಲಮಾರ್ ಆಡುವ ರೀಡ್ ಆಪ್ಷನ್ ಎಂಬ ತಂತ್ರದಲ್ಲಿ ತುದಿಯ ಒಬ್ಬ ರಕ್ಷಕನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಲಮಾರ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಆ ರಕ್ಷಕನ ಭುಜ ನೋಡುತ್ತಾನೆ. ಭುಜ ಒಳಗೆ ತಿರುಗಿತೋ, ಚೆಂಡು ಕಿತ್ತುಕೊಂಡು ಹೊರಗಿನಿಂದ ಓಡುತ್ತಾನೆ. ಭುಜ ತನ್ನತ್ತ ನೆಟ್ಟಗಿದೆಯೋ, ಕೊಟ್ಟುಬಿಡುತ್ತಾನೆ. ಇಷ್ಟಕ್ಕೆ ಹಿಡಿಯುವುದು ಒಂದು ಸೆಕೆಂಡಿಗಿಂತ ಕಡಿಮೆ. ಹೀಗೆ ಯಾರೂ ಮುಟ್ಟದೆಯೇ ಒಬ್ಬ ರಕ್ಷಕ ಆಟದಿಂದ ಹೊರಗಾದ.

ಇದು ಎಸೆತಕ್ಕೆ ಏನು ಕೊಡುತ್ತದೆ? ಅದೇ ಭಂಗಿಯಿಂದ ಅವನು ಎಸೆಯಲೂ ಬಹುದು. ರಕ್ಷಣೆಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳು ಓಟ ಎಂದು ಒಂದು ಹೆಜ್ಜೆ ಮುಂದಿಡುತ್ತಾರೆ. ಅವರ ಬೆನ್ನ ಹಿಂದೆ, ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿಗಳ ಮುಂದೆ, ಹತ್ತರಿಂದ ಹದಿನೈದು ಯಾರ್ಡ್ ಆಳದಲ್ಲಿ ಮೈದಾನದ ನಡುಮಧ್ಯೆ ಜಾಗ ತೆರೆದುಕೊಳ್ಳುತ್ತದೆ. ಎದುರಾಳಿಯನ್ನು ತಡೆಯುವ, ಎಸೆತವನ್ನೂ ಹಿಡಿಯುವ ಟೈಟ್ ಎಂಡ್ ಮಾರ್ಕ್ ಆಂಡ್ರೂಸ್ ವರ್ಷಗಟ್ಟಲೆ ಬದುಕಿದ್ದು ಆ ಕಿಟಕಿಯಲ್ಲೇ. ಆಕ್ರಮಣದ ಕೋಚ್ ಗ್ರೆಗ್ ರೋಮನ್ 2019ರಲ್ಲಿ ಇಡೀ ಆಕ್ರಮಣವನ್ನು ಇದರ ಮೇಲೆ ಕಟ್ಟಿದರು: 36 ಟಚ್‌ಡೌನ್ ಎಸೆತ, 6 ಇಂಟರ್ಸೆಪ್ಷನ್, 1206 ಯಾರ್ಡ್ ಓಟ, ವರ್ಷದ ಶ್ರೇಷ್ಠ ಆಟಗಾರನ (ಎಂವಿಪಿ) ಮತದಾನದಲ್ಲಿ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. "ಕಿಟಕಿ ದೊಡ್ಡದಿತ್ತು, ಯಾರಾದರೂ ಎಸೆಯುತ್ತಿದ್ದರು" ಎನ್ನುವವರಿದ್ದಾರೆ. ಆ ಕಿಟಕಿ ತೆರೆದದ್ದು ಅವನ ಕಾಲು ಎನ್ನುವುದನ್ನು ಅವರು ಮರೆಯುತ್ತಾರೆ. ಮೈಮೇಲೆ ಆಳು ಬೀಳುತ್ತಿರುವಾಗ ತೋಳನ್ನು ಬದಿಗೆ ಇಳಿಸಿ, ಮಣಿಕಟ್ಟಿನಿಂದಲೇ ಆ ಕಿಟಕಿಯೊಳಗೆ ಚೆಂಡು ತೂರಿಸುವವರು ಬೆರಳೆಣಿಕೆಯಷ್ಟು.

ಅವನು ನಿಜವಾಗಿ ಎಡವುವುದು ಮೈದಾನದ ಅಂಚಿನ ಎಸೆತದಲ್ಲಿ. ಮೈದಾನದ ಅಗಲ 160 ಅಡಿ. ಚೆಂಡು ಇಡುವ ಎರಡು ಹ್ಯಾಶ್ ಗುರುತುಗಳ ನಡುವೆ 18 ಅಡಿ 6 ಇಂಚು. ಎಡ ಹ್ಯಾಶ್‌ನಲ್ಲಿ ಚೆಂಡಿದ್ದು ಬಲ ಅಂಚಿಗೆ 15 ಯಾರ್ಡ್‌ನ ಔಟ್ (ಅಂಚಿನತ್ತ ತಿರುಗಿ ಓಡುವ ರಿಸೀವರ್‌ಗೆ ಕೊಡುವ ಎಸೆತ) ಎಸೆಯಬೇಕೆಂದುಕೊಳ್ಳಿ. ಅಡ್ಡಲಾಗಿ ಸುಮಾರು 27 ಯಾರ್ಡ್. ಅವನು ಹಿಂದೆ ಸರಿದ 7 ಯಾರ್ಡ್ ಸೇರಿ ನೇರಕ್ಕೆ 22. ಅಂದರೆ ಕಾಗದದ ಮೇಲಿನ 15 ಯಾರ್ಡ್ ಎಸೆತ ಗಾಳಿಯಲ್ಲಿ 35 ಯಾರ್ಡ್ ಸಾಗುತ್ತದೆ. ಚೆಂಡು ತೇಲಿದರೆ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಮುಂದೆ ನುಗ್ಗಿ ಕಸಿಯುತ್ತಾನೆ. ಇಲ್ಲಿ ತೋಳಿಗಿಂತ ಪಾದ ಮುಖ್ಯ. ಲಮಾರ್ ಮೊದಲ ವರ್ಷಗಳಲ್ಲಿ ಕಾಲುಗಳನ್ನು ತೀರ ಹತ್ತಿರ ಇಟ್ಟುಕೊಂಡು ಎಸೆಯುತ್ತಿದ್ದ. ಮುಂಗಾಲು ಗುರಿಯತ್ತ ತಿರುಗದೆ ಸೊಂಟ ಅರ್ಧಕ್ಕೆ ನಿಂತು ಚೆಂಡು ರಿಸೀವರ್‌ನ ತಲೆ ಮೇಲೆ ಹಾರುತ್ತಿತ್ತು. 2023ರಲ್ಲಿ ಟಾಡ್ ಮಂಕೆನ್ ಆಕ್ರಮಣದ ಹೊಣೆ ಹೊತ್ತು ರಿಸೀವರ್‌ಗಳನ್ನು ಅಗಲಕ್ಕೆ ಹರಡಿದ ಮೇಲೆ ಇದು ಬಹಳ ಸುಧಾರಿಸಿತು. ಆ ವರ್ಷ ಎರಡನೇ ಎಂವಿಪಿಯೂ ಬಂತು. ಆದರೆ ಅವಸರವಾದಾಗ ಹಳೆಯ ಪಾದ ಮರಳುತ್ತದೆ. ಈ ಒಂದು ಎಸೆತದಲ್ಲಿ ಜಾಶ್ ಆಲನ್‌ನ ತೋಳು ಲಮಾರ್‌ಗಿಂತ ಮೇಲು, ಅನುಮಾನವಿಲ್ಲ.

ಬ್ಲಿಟ್ಜ್ (ಹೆಚ್ಚುವರಿ ರಕ್ಷಕರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ವಿಷಯವನ್ನು ಬೇಗ ಮುಗಿಸಬಹುದು. 2021ರ ನವೆಂಬರ್‌ನಲ್ಲಿ ಮಯಾಮಿ ಡಾಲ್ಫಿನ್ಸ್, ಹಿಂದೆ ಒಬ್ಬ ಸೇಫ್ಟಿಯನ್ನೂ ಉಳಿಸದೆ ಕವರ್ ಝೀರೋ ಬ್ಲಿಟ್ಜ್ ಮೇಲೆ ಬ್ಲಿಟ್ಜ್ ಕಳಿಸಿ 22-10ರಿಂದ ಗೆದ್ದಿತು. ಇದಕ್ಕೆ ಮದ್ದು ಗೊತ್ತಿರುವುದೇ: ಸ್ನ್ಯಾಪ್‌ಗೆ (ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾಗುವ ಕ್ಷಣ) ಮೊದಲೇ ಗುರುತಿಸಿ, ಬ್ಲಿಟ್ಜ್ ಬಂದ ಜಾಗಕ್ಕೇ ತಕ್ಷಣ ಚಿಕ್ಕ ಎಸೆತ. ಆ ದಿನ ರೇವನ್ಸ್ ಬಳಿ ಆ ಮದ್ದು ತಯಾರಿರಲಿಲ್ಲ. ಆಮೇಲೆ ಕಲಿತರು.

ಗಾಯದ ವಾದವೂ ಅಷ್ಟೇ ಅವಸರದ್ದು. "ಓಡಿ ಓಡಿ ಮುರಿದುಕೊಳ್ಳುತ್ತಾನೆ" ಎನ್ನುತ್ತಾರೆ. 2021ರ ಡಿಸೆಂಬರ್‌ನಲ್ಲಿ ಕಣಕಾಲಿಗೆ ಪೆಟ್ಟಾದದ್ದು ಎಸೆದ ಕ್ಷಣಕ್ಕೆ. 2022ರ ಡಿಸೆಂಬರ್‌ನಲ್ಲಿ ಮಂಡಿಗೆ ಪೆಟ್ಟಾದದ್ದು ಸ್ಯಾಕ್‌ನಲ್ಲಿ. ಎರಡೂ ಎಸೆತದ ಆಟಗಳು. ಚೆಂಡನ್ನು ಬಹಳ ಹೊತ್ತು ಹಿಡಿದಿರುವುದು ಅಪಾಯ ಎಂದರೆ ಒಪ್ಪುತ್ತೇನೆ. ಓಟವೇ ಅಪಾಯ ಎನ್ನಲು ಈ ಎರಡು ಗಾಯಗಳು ಸಾಕ್ಷಿಯಾಗವು.

ಇನ್ನು ಜನವರಿ. 2024ರ ಸೀಸನ್ ಮುಗಿಯುವವರೆಗೆ ಪ್ಲೇಆಫ್‌ನಲ್ಲಿ ಅವನ ಲೆಕ್ಕ ಮೂರು ಗೆಲುವು, ಐದು ಸೋಲು. 10 ಟಚ್‌ಡೌನ್ ಎಸೆತ, 7 ಇಂಟರ್ಸೆಪ್ಷನ್. ಸೋತ ಐದು ಪಂದ್ಯಗಳಲ್ಲಿ ತಂಡದ ಅಂಕ ಕ್ರಮವಾಗಿ 17, 12, 3, 10, 25. 2019ರ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 33 ಗಳಿಸಿದ ತಂಡ ಇದು. ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ.

ಮೊದಲ ಸೋಲು ಹೊಸಬನದು. ಚಾರ್ಜರ್ಸ್ ತಂಡ ಲೈನ್‌ಬ್ಯಾಕರ್‌ಗಳನ್ನು ಕೂರಿಸಿ ಅವರಿಗಿಂತ ಚುರುಕಾದ ಏಳು ಡಿಫೆನ್ಸಿವ್ ಬ್ಯಾಕ್‌ಗಳನ್ನು ಇಳಿಸಿತು, ವೇಗಕ್ಕೆ ವೇಗ. ಅಚ್ಚರಿ ಹುಟ್ಟಿಸುವುದು 2020ರ ಜನವರಿಯ ಟೆನೆಸ್ಸೀ ಟೈಟನ್ಸ್ ಪಂದ್ಯ. ಲಮಾರ್ ಎಸೆದದ್ದು 365 ಯಾರ್ಡ್, ಓಡಿದ್ದು 143. ಒಬ್ಬನೇ 508 ಯಾರ್ಡ್. ಅಂಕ ಮಾತ್ರ 12, ಎದುರಾಳಿಗೆ 28. ಎರಡು ಸಲ ನಾಲ್ಕನೇ ಡೌನ್‌ನಲ್ಲಿ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು) ಒಂದೇ ಒಂದು ಯಾರ್ಡ್ ಸಿಗಲಿಲ್ಲ. ಎರಡು ಇಂಟರ್ಸೆಪ್ಷನ್, ಕಳೆದುಕೊಂಡ ಒಂದು ಫಂಬಲ್. 59 ಸಲ ಎಸೆದ. ಓಟದ ಬೆದರಿಕೆಯಿಂದ ಕಿಟಕಿ ತೆರೆಯುವ ತಂಡ 59 ಸಲ ಎಸೆದರೆ ಲೈನ್‌ಬ್ಯಾಕರ್‌ಗಳು ಆ ಒಂದು ಹೆಜ್ಜೆ ಮುಂದಿಡುವುದೇ ಇಲ್ಲ, ಕಿಟಕಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಅವನಿಗೆ ಕಷ್ಟದ ಅಂಚಿನ ಎಸೆತ.

2024ರ ಜನವರಿಯಲ್ಲಿ ಕನ್ಸಾಸ್ ಸಿಟಿ ಚೀಫ್ಸ್ ವಿರುದ್ಧ ಇದೇ ಮರುಕಳಿಸಿತು, ಈ ಸಲ ಕಾರಣವೂ ಇಲ್ಲದೆ. ಮಧ್ಯಂತರಕ್ಕೆ 17-7, ಹಿನ್ನಡೆ ಹತ್ತೇ ಅಂಕ. ಉತ್ತರಾರ್ಧದಲ್ಲಿ ಚೀಫ್ಸ್ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೂ ಇಡೀ ಪಂದ್ಯದಲ್ಲಿ ರೇವನ್ಸ್‌ನ ರನ್ನಿಂಗ್ ಬ್ಯಾಕ್‌ಗಳ ಕೈಗೆ ಚೆಂಡು ಕೊಟ್ಟದ್ದು ಆರು ಸಲ. ಇದು ಕೋಚ್‌ಗಳ ಗಾಬರಿ, ಲಮಾರ್‌ನ ತಪ್ಪಲ್ಲ. ರಿಸೀವರ್ ಝೇ ಫ್ಲವರ್ಸ್ ಗೋಲ್ ಗೆರೆಯಲ್ಲಿ ಚೆಂಡು ಬಿಟ್ಟದ್ದೂ ಅವನ ತಪ್ಪಲ್ಲ. ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂವರು ರಕ್ಷಕರ ನಡುವೆ ಇದ್ದ ತನ್ನ ತಂಡದ ಐಸಯ್ಯ ಲೈಕ್ಲಿಗೆ ಗೋಲ್ ಗೆರೆಯಾಚೆಯ ಎಂಡ್ ಝೋನ್‌ಗೆ ಎಸೆದು ಕಳೆದುಕೊಂಡದ್ದು ಅವನದೇ ತಪ್ಪು. ಸುಮಾರು ಏಳು ನಿಮಿಷ ಬಾಕಿ ಇತ್ತು. ಇನ್ನೊಂದು ಡೌನ್ ಆಡಬಹುದಿತ್ತು. ಆ ಪಂದ್ಯದಲ್ಲಿ ಸ್ಯಾಕ್ ಆಗುತ್ತಲೇ ಕಳೆದುಕೊಂಡ ಫಂಬಲ್ ಕೂಡ ಅವನ ಲೆಕ್ಕಕ್ಕೇ ಸೇರಬೇಕು.

2025ರ ಜನವರಿಯಲ್ಲಿ ಬಫಲೋ ಬಿಲ್ಸ್ ವಿರುದ್ಧದ 27-25ರ ಸೋಲಿನಲ್ಲಿ ಜನ ನೆನಪಿಡುವುದು ಕೊನೆಯಲ್ಲಿ, ಟಚ್‌ಡೌನ್ ಬೆನ್ನಿಗೆ ಸಿಗುವ ಎರಡು ಅಂಕದ ಯತ್ನದ ಎಸೆತವನ್ನು ಆಂಡ್ರೂಸ್ ಕೈಬಿಟ್ಟದ್ದನ್ನು. ಲಮಾರ್ 25ರಲ್ಲಿ 18 ಕೈಸೇರಿಸಿದ್ದ. ಆ ಕೊನೆಯ ಎಸೆತವೂ ಚೆನ್ನಾಗಿಯೇ ಇತ್ತು. ಆದರೆ ಮೊದಲಾರ್ಧದಲ್ಲಿ ಅವನೇ ಒಂದು ಇಂಟರ್ಸೆಪ್ಷನ್, ಒಂದು ಫಂಬಲ್ ಕೊಟ್ಟಿದ್ದ. ಎರಡು ಅಂಕದಿಂದ ಸೋತ ಪಂದ್ಯದಲ್ಲಿ ಅವೆರಡೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಅವನನ್ನು ಅಳೆಯುವುದು ಹೇಗೆ? ಸ್ನ್ಯಾಪ್‌ಗೆ ಮುಂಚೆ ಆಟ ಶುರುವಾಗುವ ಸ್ಕ್ರಿಮೇಜ್ ಗೆರೆಯ ಹತ್ತಿರ ಎಷ್ಟು ರಕ್ಷಕರಿದ್ದಾರೆ ಎಣಿಸಿ. ಎಂಟಿದ್ದರೆ ಅವರು ಇನ್ನೂ ಓಟಕ್ಕೆ ಹೆದರುತ್ತಿದ್ದಾರೆ, ಎಸೆತ ಸುಲಭ. ಆರಕ್ಕೆ ಇಳಿದಿದ್ದರೆ ರನ್ನಿಂಗ್ ಬ್ಯಾಕ್‌ಗೆ ಚೆಂಡು ಕೊಡಬೇಕಾದ ಹೊತ್ತು. ಆಗಲೂ ಎಸೆಯುತ್ತಲೇ ಇದ್ದರೆ ಕೋಚ್ ಕಡೆ ನೋಡಿ. ಸ್ನ್ಯಾಪ್ ಆದ ಮೇಲೆ ಟಿವಿ ಚೆಂಡಿನ ಹಿಂದೆ ಓಡುತ್ತದೆ. ನೀವು ಅವನ ಮುಂಗಾಲು ನೋಡಿ. ಮೂರು ಸೆಕೆಂಡ್ ದಾಟಿತೆಂದರೆ ಪಾದ ಬಿಟ್ಟು ಕೈ ನೋಡಿ. ಎಡಗೈ ಚೆಂಡಿನ ಮೇಲೆಯೇ ಇದ್ದರೆ ಒಳ್ಳೆಯ ಲಮಾರ್ ಆಡುತ್ತಿದ್ದಾನೆ. ಎಡಗೈ ಬಿಟ್ಟು, ಒಂದೇ ಕೈಯಲ್ಲಿ ಚೆಂಡು ಹಿಡಿದು ಪಾಕೆಟ್‌ನಲ್ಲಿ (ಸುತ್ತ ತನ್ನವರು ಕಾಯುವ ಜಾಗ) ಸುತ್ತತೊಡಗಿದರೆ, ಅವನ ಬೆನ್ನ ಹಿಂದಿನಿಂದ ಬರುತ್ತಿರುವ ರಕ್ಷಕ ನೋಡುತ್ತಿರುವುದೂ ಆ ಚೆಂಡನ್ನೇ.