ಮೇಲಿನವರ ಅಂಕ ಏನಾಯಿತು?

ಕಳೆದ ಭಾನುವಾರ ಎಂ.ಎಡ್. ಓದುತ್ತಿರುವ ಹುಡುಗಿಯೊಬ್ಬಳು ಧಾರವಾಡದ ಸಪ್ತಾಪುರದ ನಮ್ಮ ಮನೆಗೆ ಪೇಢೆಯ ಪೊಟ್ಟಣ ಹಿಡಿದುಕೊಂಡು ಬಂದಳು. ಮದುವೆ ಗೊತ್ತಾಯಿತೇನೋ ಎಂದುಕೊಂಡೆ. ಅಲ್ಲವಂತೆ, ಅವಳ ಸಂಶೋಧನೆಯಲ್ಲಿ ಟಿ ಮೌಲ್ಯ 0.01 ಮಟ್ಟದಲ್ಲಿ ಸಾರ್ಥಕವಾಗಿ ಬಂದಿದೆಯಂತೆ. ಎಂದರೆ, ಬರೀ ಆಕಸ್ಮಿಕದಿಂದ ಅಷ್ಟು ದೊಡ್ಡ ವ್ಯತ್ಯಾಸ ನೂರರಲ್ಲಿ ಒಂದು ಸಲ ಕಾಣುವುದೂ ಕಷ್ಟ. ಓದಿನಲ್ಲಿ ಹಿಂದುಳಿದ ಮೂವತ್ತು ಮಕ್ಕಳನ್ನು ಆರಿಸಿ, ಎರಡು ತಿಂಗಳು ವಿಶೇಷ ಪಾಠ ಮಾಡಿ, ಮತ್ತೆ ಪರೀಕ್ಷೆ ಕೊಟ್ಟಿದ್ದಾಳೆ, ಅಂಕಗಳು ಏರಿವೆ. ನಾನು ಪೇಢೆ ಬಾಯಲ್ಲಿಟ್ಟುಕೊಂಡೇ ಕೇಳಿದೆ: "ಉಳಿದ ಮಕ್ಕಳ ಅಂಕ ಏನಾಯಿತು?" ಅವಳ ಮುಖ ನೋಡಿದ ಮೇಲೆ, ಪೇಢೆ ನುಂಗಿಯಾದರೂ ಕೇಳಬೇಕಿತ್ತು ಅನಿಸಿತು.

ಆ ಪ್ರಶ್ನೆ ನನ್ನದಲ್ಲ. 2009ರಲ್ಲಿ ನನ್ನ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರೊಬ್ಬರು ನನಗೆ ಕೇಳಿದ್ದು.

ನನ್ನ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಮೊದಲು ಪಾಠ ಮಾಡುತ್ತಿದ್ದ ರೋಣ ತಾಲ್ಲೂಕಿನ ಶಾಲೆಯನ್ನೇ. ಎಂಟನೆಯ ತರಗತಿಯ ಮೂರು ವಿಭಾಗ, 96 ಮಕ್ಕಳು. ಗಣಿತದಲ್ಲಿ 30 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದುದಕ್ಕೆ ಗುರುತು ಹಾಕಬೇಕು. ಆಗಸ್ಟ್ ಕೊನೆಯಲ್ಲಿ ಪೂರ್ವ ಪರೀಕ್ಷೆ. ತರಗತಿಯ ಸರಾಸರಿ 15 ಬಂತು. ಕೊನೆಯ 24 ಮಕ್ಕಳನ್ನು ಆರಿಸಿದೆ. ಅವರ ಸರಾಸರಿ 7. ಆರು ವಾರ, ದಿನವೂ ಶಾಲೆ ಶುರುವಾಗುವ ಮೊದಲು ಒಂದು ತಾಸು ಭಿನ್ನರಾಶಿ, ದಶಮಾಂಶ, ಭಾಗಾಕಾರ. ಹುಣಸೆ ಬೀಜ, ಕಡಲೆ, ಹಗ್ಗ, ಎಲ್ಲವನ್ನೂ ಬಳಸಿದೆ. ದಸರೆ ರಜೆಗೆ ಮುನ್ನ ಮತ್ತೆ ಅದೇ ಮಟ್ಟದ ಪರೀಕ್ಷೆ. ಸರಾಸರಿ 7ರಿಂದ 10.5ಕ್ಕೆ ಏರಿತ್ತು. ಟಿ ಮೌಲ್ಯ 3.8, ದಾಟಬೇಕಾದ ಕೋಷ್ಟಕದ ಮೌಲ್ಯ 2.81. ಪಾಠದಿಂದ ಏನೂ ಬದಲಾಗಿಲ್ಲ ಎಂಬ ಶೂನ್ಯ ಕಲ್ಪನೆಯನ್ನು ಖುಷಿಯಿಂದ ತಿರಸ್ಕರಿಸಿ, ಪ್ರಬಂಧಕ್ಕೆ ಕಪ್ಪು ರಟ್ಟು ಹಾಕಿಸಿದೆ. ಮಾರ್ಗದರ್ಶಕರೂ ಸಂತೋಷಪಟ್ಟಿದ್ದರು.

ಪರೀಕ್ಷಕರು ವಯಸ್ಸಾದವರು, ದನಿ ಏರಿಸದವರು. ಪುಟ ತಿರುವುತ್ತಾ, "ಎರಡನೆಯ ಪರೀಕ್ಷೆಯನ್ನು ಈ 24 ಮಂದಿಗೆ ಮಾತ್ರ ಕೊಟ್ಟಿರೋ?" ಎಂದರು. ಇಲ್ಲ, ಉಳಿದವರು ಗಲಾಟೆ ಮಾಡುತ್ತಾರೆಂದು ಇಡೀ ತರಗತಿಗೇ ಕೊಟ್ಟಿದ್ದೆ ಎಂದೆ. "ಹಾಗಾದರೆ ಮೇಲಿನವರ ಅಂಕ ಏನಾಯಿತು?" ನಾನು ನೋಡಿರಲಿಲ್ಲ. ನೋಡುವ ಅಗತ್ಯವೇ ಕಂಡಿರಲಿಲ್ಲ. "ಮನೆಗೆ ಹೋಗಿ ನೋಡಿರಿ" ಎಂದಷ್ಟೇ ಹೇಳಿ ಪಾಸು ಮಾಡಿದರು. ಪಾಸು ಮಾಡಿದ್ದು ಇನ್ನೂ ಕಷ್ಟವಾಯಿತು.

ಅಂದು ರಾತ್ರಿ ಟ್ರಂಕಿನಿಂದ ಉತ್ತರ ಪತ್ರಿಕೆಗಳ ಕಟ್ಟು ತೆಗೆದೆ. ಮೊದಲ ಪರೀಕ್ಷೆಯಲ್ಲಿ ಮೇಲಿದ್ದ 24 ಮಕ್ಕಳ ಸರಾಸರಿ 23 ಇತ್ತು. ಎರಡನೆಯದರಲ್ಲಿ 20. ಅವರಿಗೆ ನಾನು ಏನನ್ನೂ ಮಾಡಿರಲಿಲ್ಲ, ಬೈದೂ ಇರಲಿಲ್ಲ. ಕೆಳಗಿನವರು ಮೂರೂವರೆ ಏರಿದರು, ಮೇಲಿನವರು ಮೂರು ಇಳಿದರು. ಇಳಿದದ್ದಕ್ಕೆ ನಾನು ಕಾರಣಳಲ್ಲವಾದರೆ, ಏರಿದ್ದಕ್ಕೆ ಮಾತ್ರ ಹೇಗೆ ಕಾರಣಳಾದೇನು?

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ. ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಅದೇ. ಉಲ್ಟಾ ಆರಿಸಿದೆ. ಎರಡನೆಯ ಪರೀಕ್ಷೆಯಲ್ಲಿ ಕೊನೆಯಲ್ಲಿದ್ದ 24 ಮಕ್ಕಳನ್ನು ಹೆಕ್ಕಿ, ಅವರ ಹಿಂದಿನ ಅಂಕ ನೋಡಿದೆ. ಮೊದಲ ಪರೀಕ್ಷೆಯಲ್ಲಿ ಅವರು ಸರಾಸರಿಗೆ ಇನ್ನಷ್ಟು ಹತ್ತಿರವಿದ್ದರು. ಕಾಲವನ್ನು ಹಿಂದಕ್ಕೆ ಓಡಿಸಿದರೂ "ಸುಧಾರಣೆ" ಕಾಣುತ್ತಿತ್ತು. ಸೆಪ್ಟೆಂಬರಿನ ಪಾಠ ಆಗಸ್ಟಿನ ಅಂಕವನ್ನು ಏರಿಸುವುದುಂಟೇ?

ಇದಕ್ಕೆ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ ಬೆಳೆದ 928 ಮಕ್ಕಳ ಎತ್ತರವನ್ನು ಹೋಲಿಸಿ ನೋಡಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರದಕ್ಕೆ ಸರಿಹೊಂದಿಸಿಕೊಂಡಿದ್ದ. ತಂದೆತಾಯಿ ಸರಾಸರಿಗಿಂತ ಎಷ್ಟು ಎತ್ತರವೋ, ಮಕ್ಕಳು ಸುಮಾರು ಅದರ ಮೂರನೆಯ ಎರಡು ಭಾಗದಷ್ಟು ಮಾತ್ರ ಎತ್ತರ. ಕುಳ್ಳರ ಮಕ್ಕಳೂ ಅದೇ ಲೆಕ್ಕದಲ್ಲಿ ಮೇಲಕ್ಕೆ ಸರಿಯುತ್ತಿದ್ದರು. ಅಂಕಗಳ ವಿಷಯದಲ್ಲಿ ಇದು ಇನ್ನೂ ಸರಳ. ಒಂದು ದಿನದ ಅಂಕ ಎಂದರೆ ಮಗುವಿಗೆ ಗೊತ್ತಿರುವುದು ಮತ್ತು ಆ ದಿನದ ಅದೃಷ್ಟ, ಎರಡೂ ಕೂಡಿದ್ದು. ಕೊನೆಯ 24 ಮಂದಿಯನ್ನು ಹೆಕ್ಕಿದಾಗ, ಗೊತ್ತಿಲ್ಲದವರ ಜೊತೆಗೆ ಅಂದು ಅದೃಷ್ಟ ಕೈಕೊಟ್ಟವರನ್ನೂ ಹೆಕ್ಕಿರುತ್ತೇವೆ. ಮುಂದಿನ ಸಲ ಅದೃಷ್ಟ ಹೊಸದಾಗಿ ಹಂಚಿಕೆಯಾಗುತ್ತದೆ.

ನನ್ನ ಪ್ರಶ್ನೆಪತ್ರಿಕೆಯಲ್ಲಂತೂ ಅದೃಷ್ಟಕ್ಕೆ ಬೇಕಾದಷ್ಟು ಜಾಗವಿತ್ತು. 30 ಪ್ರಶ್ನೆ, ನಾಲ್ಕು ಉತ್ತರ. ಓದಲು ಬಾರದ ಮೇಕೆ ಗೊರಸಿನಿಂದ ಗುರುತು ಹಾಕಿದರೂ ಸರಾಸರಿ ಏಳೂವರೆ ಅಂಕ ಸಿಗಬೇಕು. ನಾನು "ಹಿಂದುಳಿದವರು" ಎಂದು ಹೆಸರಿಟ್ಟ ಮಕ್ಕಳು ಮೇಕೆಗಿಂತ ಅರ್ಧ ಅಂಕ ಕಡಿಮೆ! ಬರೀ ಊಹೆಯ ಮೇಲೆ ನಡೆದರೂ ಒಂದು ಮಗುವಿಗೆ 3 ಬರಬಹುದು, 12 ಕೂಡ ಬರಬಹುದು. ಅಂಕಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆಯೇ 2.4ರ ಹತ್ತಿರ. ಇದನ್ನು ಪರೀಕ್ಷೆಗೆ ಮುನ್ನವೇ ಲೆಕ್ಕ ಹಾಕಬಹುದಿತ್ತು. ಗಣಿತದ ಟೀಚರು ನಾನು.

ಎರಡು ಪರೀಕ್ಷೆಗಳ ನಡುವಿನ ಸಹಸಂಬಂಧ, ಎಂದರೆ ಒಂದರ ಅಂಕ ಇನ್ನೊಂದರ ಜೊತೆ ಎಷ್ಟು ಕೂಡಿ ನಡೆಯುತ್ತದೆ ಎಂಬ ಅಳತೆ, ತೆಗೆದೆ (ಪೂರ್ತಿ ಕೂಡಿ ನಡೆದರೆ 1): 0.6. ಅಂದರೆ ಸರಾಸರಿಯಿಂದ 8 ಅಂಕ ಕೆಳಗಿದ್ದ ಗುಂಪು, ಯಾರೂ ಏನೂ ಕಲಿಸದಿದ್ದರೂ, ಮುಂದಿನ ಸಲ 8ರ 0.6 ಪಾಲು, ಎಂದರೆ 4.8 ಅಂಕ ಕೆಳಗಿರುತ್ತದೆ. 15ರಲ್ಲಿ 4.8 ಕಳೆದರೆ 10.2. ನನಗೆ ಬಂದದ್ದು 10.5. ಆರು ವಾರದ ಹುಣಸೆ ಬೀಜದ ಪಾಲಿಗೆ ಉಳಿದದ್ದು 0.3.

ಆದರೆ ಪ್ರಬಂಧದಲ್ಲಿ ನಾನು ಪರೀಕ್ಷೆಯ ವಿಶ್ವಾಸಾರ್ಹತೆ, ಎಂದರೆ ಮತ್ತೆ ಅಳೆದರೂ ಹೆಚ್ಚು ಕಡಿಮೆ ಅದೇ ಅಂಕ ಬರುವ ಭರವಸೆ, 0.82 ಎಂದು ಬರೆದಿದ್ದೆ. ಸುಳ್ಳೇನಲ್ಲ. ಸಮ ಸಂಖ್ಯೆಯ ಪ್ರಶ್ನೆಗಳು ಒಂದು ಕಡೆ, ಬೆಸ ಸಂಖ್ಯೆಯವು ಇನ್ನೊಂದು ಕಡೆ, ಎರಡು ಅರ್ಧಗಳ ಸಹಸಂಬಂಧ, ಅದರ ಮೇಲೆ ಅರ್ಧದಿಂದ ಇಡೀ ಪರೀಕ್ಷೆಯ ವಿಶ್ವಾಸಾರ್ಹತೆಯನ್ನು ಅಂದಾಜಿಸುವ ಸ್ಪಿಯರ್‌ಮನ್–ಬ್ರೌನ್ ಸೂತ್ರ. ಎಲ್ಲರೂ ಮಾಡುವುದು ಅದನ್ನೇ. 0.82 ಹೋಗಿ 0.6 ಹೇಗಾಯಿತು ಎಂಬುದು ತಿಳಿಯಲು ಒಬ್ಬ ಹುಡುಗಿಯ ಪತ್ರಿಕೆ ನೋಡಬೇಕಾಯಿತು. ಆಗಸ್ಟಿನಲ್ಲಿ ಅವಳಿಗೆ 6, ಅಕ್ಟೋಬರಿನಲ್ಲಿ 17. ಪ್ರಬಂಧದಲ್ಲಿ ಅವಳು ನನ್ನ ಹೆಮ್ಮೆಯ ಉದಾಹರಣೆ. ಪತ್ರಿಕೆ ತೆರೆದರೆ, ಆಗಸ್ಟಿನದರಲ್ಲಿ ಹನ್ನೆರಡನೆಯ ಪ್ರಶ್ನೆಯ ನಂತರ ಒಂದೂ ಗುರುತಿಲ್ಲ. ಆಗ ನೆನಪಾಯಿತು: ಅದು ಹೆಸರುಕಾಳಿನ ಕಾಯಿ ಬಿಡಿಸುವ ಕಾಲ. ನಮ್ಮ ಕಡೆಯ ಎರೆ ಹೊಲಗಳಲ್ಲಿ ಕಾಯಿ ಒಣಗಿದ ಮೇಲೆ ಮಳೆ ಬಿದ್ದರೆ ಬೆಳೆ ಹಾಳು. ಮನೆಮಂದಿಯೆಲ್ಲ ನಸುಕಿನಲ್ಲೇ ಹೊಲದಲ್ಲಿರುತ್ತಾರೆ. ಅವಳೂ ಬಿಡಿಸಿ ಬಂದು ಕೂತಿದ್ದಳು, ನಿದ್ದೆ ಹೋಗಿದ್ದಳು. ನಿದ್ದೆ ಬಂದವಳಿಗೆ ಸಮ ಪ್ರಶ್ನೆ, ಬೆಸ ಪ್ರಶ್ನೆ ಎಂಬ ಭೇದವಿಲ್ಲ. ಎರಡೂ ಅರ್ಧಗಳು ಸಮನಾಗಿ ಕೆಡುತ್ತವೆ, ಆದ್ದರಿಂದ ಎರಡರ ನಡುವಿನ ಸಹಸಂಬಂಧ ಚೆನ್ನಾಗಿಯೇ ಬರುತ್ತದೆ. ಒಂದೇ ದಿನದ ಪತ್ರಿಕೆಯನ್ನು ಎಷ್ಟು ಸಲ ಸೀಳಿದರೂ ಆ ದಿನದ ತಪ್ಪು ಕಾಣುವುದಿಲ್ಲ. ಇನ್ನೊಂದು ದಿನ ಅಳೆದಾಗಲೇ ಕಾಣುವುದು.

ವಿ.ವಿ. ಕಾಮತರು 1930ರ ದಶಕದಲ್ಲಿ ಮುಂಬಯಿ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆಂದು ಫ್ರಾನ್ಸಿನ ಬಿನೆಯ ಬುದ್ಧಿಮಾಪನ ಪರೀಕ್ಷೆಯನ್ನು ಒಗ್ಗಿಸಿದ್ದರು. ಅದರಲ್ಲಿ ಒಬ್ಬ ಪರೀಕ್ಷಕ, ಎದುರಿಗೆ ಒಂದೇ ಮಗು. ಮಗು ತೂಕಡಿಸಿದರೆ ಪರೀಕ್ಷಕನಿಗೆ ತಿಳಿಯುತ್ತದೆ. ನಾನು ಮೂರು ಕೋಣೆಗಳಲ್ಲಿ 96 ಮಕ್ಕಳನ್ನು ಕೂರಿಸಿ, ಕಾರಿಡಾರಿನಲ್ಲಿ ಓಡಾಡುತ್ತಿದ್ದೆ.

ಇನ್ನೂ ನಾಚಿಕೆಯ ಮಾತು ಒಂದಿದೆ. ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ ಎಂಬ ಅಮೆರಿಕದ ಸಂಶೋಧಕರು 1963ರಲ್ಲಿ ಪ್ರಯೋಗಗಳನ್ನು ದಾರಿ ತಪ್ಪಿಸುವ ಕಾರಣಗಳ ಪಟ್ಟಿ ಮಾಡಿದರು. ಸರಾಸರಿಯತ್ತ ಮರಳುವಿಕೆ ಅದರಲ್ಲಿದೆ. ಆ ಪಟ್ಟಿ ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲೂ ಇದೆ, ನನ್ನದೇ ವಾಕ್ಯದಲ್ಲಿ. ಬರೆದು ಮುಂದಿನ ಪುಟಕ್ಕೆ ಹೋಗಿದ್ದೆ.

ಮಾಡಬೇಕಾಗಿದ್ದದ್ದು ದೊಡ್ಡ ಕೆಲಸವೇನಲ್ಲ. ಆ 24 ಹೆಸರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಕುಲುಕಿ, 12 ಎತ್ತಬೇಕಿತ್ತು. ಎತ್ತಿದವರಿಗೆ ಈಗ ಪಾಠ, ಉಳಿದವರಿಗೆ ದಸರೆಯ ನಂತರ. ಸರಾಸರಿಯತ್ತ ಮರಳುವುದು ಎರಡೂ ಗುಂಪಿಗೆ ಒಂದೇ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದನ್ನು ಪಾಠದ ಲೆಕ್ಕಕ್ಕೆ ಬರೆಯಬಹುದು. ಹನ್ನೆರಡು ಹನ್ನೆರಡು ಮಕ್ಕಳಲ್ಲಿ ಸಣ್ಣ ಫಲ ಕಣ್ಣಿಗೆ ಬೀಳುವುದು ಕಷ್ಟ, ಅದು ನಿಜ. ನಾಲ್ಕು ಶಾಲೆ ಸೇರಿಸಿಕೊಳ್ಳಬೇಕಾಗುತ್ತದೆ. ಮುಂದೆ ನಾನು ಹೀಗೆ ಮಾಡಹೊರಟಾಗ ಮುಖ್ಯೋಪಾಧ್ಯಾಯರೊಬ್ಬರು, "ಅರ್ಧ ಮಕ್ಕಳನ್ನು ಕಾಯಿಸುವುದು ಅನ್ಯಾಯವಲ್ಲವೇ?" ಎಂದು ತಕರಾರು ತೆಗೆದರು. ಒಳ್ಳೆಯ ತಕರಾರೇ. ಬೆಳಗಿನ ತರಗತಿಗೆ ಅವರು ಕೊಟ್ಟ ಕೋಣೆಯಲ್ಲಿ ನಾಲ್ಕೇ ಬೆಂಚುಗಳಿದ್ದವು ಎಂಬುದು ಬೇರೆ ಮಾತು.

ಇಷ್ಟನ್ನೂ ಆ ಹುಡುಗಿಗೆ ಹೇಳುವಷ್ಟರಲ್ಲಿ ಚಹಾ ಎರಡು ಸಲ ಆಯಿತು. ನನ್ನ ಕಪ್ಪು ರಟ್ಟಿನ ಪ್ರಬಂಧವನ್ನೂ ತಂದು ತೋರಿಸಿದೆ. ಮೂರನೆಯ ಅಧ್ಯಾಯದ ಆ ಸಾಲನ್ನು ಅವಳು ಎರಡು ಸಲ ಓದಿದಳು. ಅವಳ ಪ್ರಬಂಧ ಸಲ್ಲಿಸಲು ಇನ್ನು ಇಪ್ಪತ್ತು ದಿನ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದ ಮಕ್ಕಳ ಪತ್ರಿಕೆಗಳು ಶಾಲೆಯ ಕಪಾಟಿನಲ್ಲಿವೆ, ರದ್ದಿಗೆ ಹಾಕಿಲ್ಲದಿದ್ದರೆ" ಎಂದಳು. ನಾಳೆ ನರಗುಂದದ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಮೊಬೈಲಿನಲ್ಲಿ ಯಾರನ್ನೋ ಕೇಳುತ್ತಾ ಚಪ್ಪಲಿ ಮೆಟ್ಟಿಕೊಂಡಳು. ಪೇಢೆಯ ಪೊಟ್ಟಣವನ್ನು ವಾಪಸ್ಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.