"ನಾವೂ ಏಟು ತಿಂದೇ ಬೆಳೆದಿದ್ದಲ್ವಾ, ನಮಗೇನಾಗಿದೆ?"

ಪ್ರತಿ ಪೋಷಕರ ಸಭೆಯಲ್ಲೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಮೊದಲು "ಮೇಡಂ, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ" ಅನ್ನುತ್ತಾರೆ. ನಾನು ಆಗಲ್ಲ ಅಂದ ಕೂಡಲೇ ಈ ಪ್ರಶ್ನೆ. ಹದಿನೆಂಟು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಹೊಡೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಹೊಡೆಯುತ್ತಿರಲಿಲ್ಲ.

"ನಮಗೇನಾಗಿದೆ" ಅನ್ನೋ ಮಾತು ಕೇಳಿದರೆ ನಿಜಕ್ಕೂ ಸಿಟ್ಟು ಬರುತ್ತದೆ. ಏನೂ ಆಗಿಲ್ಲ ಅಂತ ಹೇಳಿದ್ದು ಯಾರು? ಕೆಲಸ ಸಿಕ್ಕಿದೆ, ಮನೆ ಕಟ್ಟಿದ್ದೀರಿ, ಸರಿ. ನಿಮ್ಮಪ್ಪನ ಎದುರು ಕೂತು ಐದು ನಿಮಿಷ ಮನಸ್ಸು ಬಿಚ್ಚಿ ಮಾತಾಡ್ತೀರಾ? 2016ರಲ್ಲಿ ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 75 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿ ಸುಮಾರು 1.6 ಲಕ್ಷ ಮಕ್ಕಳಿದ್ದರು. ಕುಂಡಿಗೆ ಎರಡು ಬಾರಿಸುವಂಥ 'ಸಣ್ಣ' ಏಟಿಗೂ ಮಕ್ಕಳ ಮೊಂಡುತನ, ಮನಸ್ಸಿನ ತೊಂದರೆಗಳಿಗೂ ನಂಟು ಕಂಡಿತು. ಯಾವ ಒಳ್ಳೆಯ ಗುಣಕ್ಕೂ ನಂಟು ಕಾಣಲಿಲ್ಲ. ಏಟು ತಿಂದ ಪ್ರತಿ ಮಗುವೂ ಹಾಳಾಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಆದರೆ ನನ್ನನ್ನು ಇವತ್ತಿಗೂ ಕಾಡುವ ಮಗು ಮನೆಯಲ್ಲಿ ಒಂದೇ ಒಂದು ಏಟೂ ತಿಂದವಳಲ್ಲ. ಎಂಟನೇ ಕ್ಲಾಸಿನ ಹುಡುಗಿ. ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂದಿತ್ತು. ಉತ್ತರಪತ್ರಿಕೆಗೆ ಅಪ್ಪನ ಸಹಿ ಹಾಕಿಸಿಕೊಂಡು ಬಂದಳು. ಅದೇ ದಿನ ಒಂದು ಲೆಕ್ಕ ನೋಡೋಣ ಅಂತ ಅವಳ ರಫ್ ನೋಟ್‌ಬುಕ್ ತಿರುಗಿಸಿದೆ. ಕೊನೆಯ ಪುಟದ ತುಂಬ ಅಪ್ಪನ ಸಹಿ. ಮೇಲಿನ ಸಾಲುಗಳಲ್ಲಿ ನಡುಗುವ ಅಕ್ಷರ, ಕೆಳಗೆ ಬರುತ್ತಾ ಬರುತ್ತಾ ಮುದ್ದಾಗಿ, ಒಂದೇ ಎಳೆತದಲ್ಲಿ. ಕೆಲವು ಕಡೆ ಪೆನ್ನು ಒತ್ತಿ ಹಾಳೆ ತೂತಾಗಿತ್ತು.

"ಅಪ್ಪ ಹೊಡೀತಾರಾ?" ಅಂತ ಕೇಳಿದೆ.

"ಇಲ್ಲ ಮಿಸ್. ಮಾತು ಬಿಡ್ತಾರೆ. ಹೋದ ಸಲ ಐದು ದಿನ ಬಿಟ್ಟಿದ್ರು. ಊಟಕ್ಕೆ ಬಾ ಅಂತ್ಲೂ ತಮ್ಮನ ಹತ್ರ ಹೇಳಿ ಕಳಿಸ್ತಿದ್ರು."

ಆ ಐದು ದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂದಳು. ಹದಿಮೂರು ವರ್ಷದ ಮಗು.

ಅದಕ್ಕೇ ಹೊಡೀಬೇಕಾ ಬೇಡ್ವಾ ಅನ್ನೋ ಪ್ರಶ್ನೆ ನನಗೆ ಬೇಡ. "ನನ್ನ ಮಗಳಿಗೆ ಮಾರ್ಕ್ಸ್ ಕಡಿಮೆ ಬಂದಿದ್ದು ನಿಮಗೆ ಗೊತ್ತು, ನನಗೆ ಯಾಕೆ ಗೊತ್ತಿಲ್ಲ?" ಅಂತ ಯಾರಾದರೂ ಕೇಳಲಿ. ಸಂಜೆಯವರೆಗೂ ಕೂತು ಮಾತಾಡುತ್ತೇನೆ.

ಹಾಗಂತ ಮುದ್ದು ಮಾಡಿ ಕೆಡಿಸಿ ಅನ್ನುವವಳಲ್ಲ ನಾನು. ನಮ್ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಫೋನ್ ಬೀರುವಿಗೆ ಹೋಗುತ್ತದೆ, ಅಳು ಬಂದರೂ ಹೋಗುತ್ತದೆ. 1960ರ ದಶಕದಲ್ಲೇ ಅಮೆರಿಕದ ಬರ್ಕ್‌ಲಿಯಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ಅಪ್ಪ-ಅಮ್ಮಂದಿರನ್ನು ಗಮನಿಸಿ ಮೂರು ಬಗೆ ಗುರುತಿಸಿದ್ದರು. ಹೇಳಿದ್ದು ಕೇಳು ಅಷ್ಟೇ ಅನ್ನುವವರು. ಏನು ಬೇಕಾದರೂ ಮಾಡ್ಕೋ ಅನ್ನುವವರು. ಮತ್ತೆ, ನಿಯಮ ಇಟ್ಟು, ಯಾಕೆ ಅಂತ ತಿಳಿಸಿ, ಮಗುವಿನ ಮಾತನ್ನೂ ಕೇಳುವವರು. ಆ ಮೂರನೆಯವರ ಮಕ್ಕಳೇ ಹೆಚ್ಚು ಧೈರ್ಯವಾಗಿ, ತಮ್ಮ ಮೇಲೆ ತಾವೇ ಹಿಡಿತ ಇಟ್ಟುಕೊಂಡು ಇದ್ದದ್ದು.

ಆ ಹುಡುಗಿಯನ್ನು ಒಪ್ಪಿಸಿಯೇ ಅವರಪ್ಪನನ್ನು ಕರೆಸಿದೆ. ಬೈಯಬಾರದು, ಮಾತೂ ಬಿಡಬಾರದು ಅಂತ ಮೊದಲೇ ಹೇಳಿ ನೋಟ್‌ಬುಕ್ ಕೊಟ್ಟೆ. ಅವರು ಆ ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಹೋದರು. "ಇಷ್ಟು ಸಲ ಬರೆದಿದಾಳಾ?" ಅಂದರು. ಬೇರೇನೂ ಅನ್ನಲಿಲ್ಲ.

ಮುಂದಿನ ಟೆಸ್ಟಿನಲ್ಲಿ ಅವಳಿಗೆ ಒಂಬತ್ತು ಬಂತು. ಸಹಿ ಸೊಟ್ಟಗಿತ್ತು, ಅಪ್ಪನದ್ದೇ.