ಬಂದ ರೀಡಿಂಗನ್ನೇ ಬರೆಯಿರಿ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದ ಪ್ರಾಂಶುಪಾಲರು ಜೊತೆಗೊಂದು ಷರತ್ತನ್ನೂ ಹಾಕಿದರು: ಮಳೆ, ಮಂಜು, ಕ್ಯಾಂಟೀನಿನ ಬನ್ಸ್ ಬೇಡ, ಅದನ್ನು ಎಲ್ಲ ಹಳೆಯ ವಿದ್ಯಾರ್ಥಿಗಳೂ ಬರೆಯುತ್ತಾರೆ. ಈ ಸಲ ವಿಜ್ಞಾನ ವಿಭಾಗದ ಕೆಲವರು ಬಿ.ಎ.ಎಸ್.ಎಲ್.ಪಿ. (ಕಿವಿ ಮತ್ತು ಮಾತಿನ ತೊಂದರೆಗಳ ಪರೀಕ್ಷೆ, ಚಿಕಿತ್ಸೆ ಕಲಿಸುವ ಪದವಿ) ಸೇರುವ ಯೋಚನೆಯಲ್ಲಿದ್ದಾರಂತೆ. ಆ ಕೆಲಸದಲ್ಲಿ ಸರಿ ಯಾವುದು, ತಪ್ಪು ಯಾವುದು ಅಂತ ಸ್ವಲ್ಪ ಹೇಳಿ ಎಂದರು. ಮಳೆಯನ್ನು ಪೂರ್ತಿ ಬಿಡುವುದು ನನ್ನಿಂದಾಗದು, ಕ್ಷಮಿಸಬೇಕು.

ಈ ವಿಷಯದ ಮೊದಲ ಪಾಠ ನನಗೆ ಆದದ್ದು ನಮ್ಮ ಫಿಸಿಕ್ಸ್ ಲ್ಯಾಬಿನಲ್ಲೇ. ಅನುನಾದ ನಳಿಕೆಯ ಪ್ರಯೋಗ. ಶ್ರುತಿಕವೆಯನ್ನು ರಬ್ಬರಿಗೆ ತಟ್ಟಿ ನಳಿಕೆಯ ಬಾಯಿಯ ಮೇಲೆ ಹಿಡಿದು, ನೀರಿನ ಮಟ್ಟ ಇಳಿಸುತ್ತಾ ಹೋದರೆ ಒಂದು ಕಡೆ ದನಿ ಗಟ್ಟಿಯಾಗಿ ಏಳುತ್ತದೆ. ಆ ಉದ್ದ ಅಳೆದು ಶಬ್ದದ ವೇಗ ಲೆಕ್ಕ ಹಾಕಬೇಕು. ಜುಲೈ ತಿಂಗಳ ಮಡಿಕೇರಿ, ಗೋಡೆಯ ಥರ್ಮಾಮೀಟರ್ 18 ಡಿಗ್ರಿಯಲ್ಲಿ ನಿಂತಿತ್ತು. ಅರ್ಧ ಕ್ಲಾಸು ಸೀನಿಯರ್‌ಗಳ ರೆಕಾರ್ಡ್ ನೋಡಿ ಸೆಕೆಂಡಿಗೆ 350 ಮೀಟರ್ ಎಂದು ಬರೆದಾಗಿತ್ತು. ಸರ್ ಪುಸ್ತಕಗಳನ್ನು ತಿರುವಿ ಹಾಕಿ, “350 ಬರಬೇಕಾದರೆ ಈ ಕೋಣೆ 30 ಡಿಗ್ರಿ ಇರಬೇಕಲ್ಲ ಮಾರಾಯರೆ, ಮತ್ತೆ ಸ್ವೆಟರ್ ಯಾಕೆ?” ಎಂದರು. ನನ್ನ ಪುಸ್ತಕದಲ್ಲಿ ಆಗಿನ್ನೂ ಏನೂ ಬರೆದಿರಲಿಲ್ಲ, ಸೋಮಾರಿತನವೂ ಒಮ್ಮೊಮ್ಮೆ ಕಾಯುತ್ತದೆ. “ಬಂದ ರೀಡಿಂಗನ್ನೇ ಬರೆಯಿರಿ. ಬರಲಿಲ್ಲವಾ, ಆ ಕಾಲಂ ಖಾಲಿ ಬಿಡಿ. ಖಾಲಿ ಬಿಟ್ಟವರನ್ನು ನಾನು ಫೇಲ್ ಮಾಡುವುದಿಲ್ಲ” ಎಂದು ಪುಸ್ತಕಗಳನ್ನು ವಾಪಸು ಕೊಟ್ಟರು.

ಮುಂದೆ ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಸಂಸ್ಥೆ ಅದು. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಕೋರ್ಸು. ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ಈ ವೃತ್ತಿ ಮಾಡಿದರೆ 1992ರ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿದರೆ ನಗು ಬರುತ್ತದೆ. ಬೋರ್ಡು ಹಾಕಿ ಕೂತು ಕಿವಿ ನೋಡುವ ಎಷ್ಟೋ ಜನರಿಗೆ ಇಂಥದೊಂದು ಕಾಯ್ದೆ ಇರುವುದೇ ಗೊತ್ತಿದ್ದಂತೆ ಕಾಣುವುದಿಲ್ಲ.

ಈಗ ಮಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೋಮವಾರಪೇಟೆ ಕಡೆ ಶಾಲಾಮಕ್ಕಳ ಕಿವಿ ತಪಾಸಣಾ ಶಿಬಿರ ಇತ್ತು. ಶೀಟಿನ ಮಾಡಿನ ಸಭಾಭವನ. ಹತ್ತು ಗಂಟೆಗೆ ಮಳೆ ಹಿಡಿಯಿತು. ಹೆಡ್‌ಫೋನಿನ ಮೆತ್ತೆ ಹೊರಗಿನ ಕೀಚಲು ಸದ್ದನ್ನು ಒಂದಿಷ್ಟು ತಡೆಯುತ್ತದೆ, ತಗ್ಗು ಸದ್ದನ್ನು ತಡೆಯುವುದಿಲ್ಲ. 250, 500 ಹರ್ಟ್ಸ್‌ನ ಸ್ವರ ಕೊಟ್ಟರೆ ಮಕ್ಕಳು ಬೆರಳನ್ನೇ ಎತ್ತುತ್ತಿಲ್ಲ. ಆ ಹಾಳೆಗಳನ್ನು ಹಾಗೇ ತುಂಬಿಸಿದ್ದರೆ ಅರ್ಧ ಶಾಲೆಗೆ ಕಿವುಡು ಎಂದಾಗುತ್ತಿತ್ತು. ಅಂದಾಜಿನ ಮೇಲೆ ‘ನಾರ್ಮಲ್’ ಎಂದು ಬರೆದಿದ್ದರೆ ನಿಜವಾಗಿ ಕೇಳದಿದ್ದ ಮಗುವೂ ಅದರೊಳಗೆ ಸೇರಿ ಮನೆಗೆ ಹೋಗುತ್ತಿತ್ತು. ವೇದಿಕೆಯಲ್ಲಿ ಅಧ್ಯಕ್ಷರು, ಹಾರ, ಫೋಟೋದವರು, ಎಲ್ಲ ತಯಾರು. ನಮ್ಮ ಸೀನಿಯರ್ ಮೇಡಂ ಕಾಲಂಗಳನ್ನು ಖಾಲಿ ಬಿಡಿಸಿದರು. ‘ಸದ್ದಿನಿಂದಾಗಿ ಪರೀಕ್ಷೆ ಆಗಿಲ್ಲ, ಮತ್ತೆ ಮಾಡಬೇಕು’ ಎಂದು ಪ್ರತಿ ಹಾಳೆಯಲ್ಲೂ ಬರೆಸಿದರು. ಸಂಘಟಕರ ಮುಖ ಊಟದವರೆಗೂ ಸರಿಹೋಗಲಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮುಂದೆ ನಾನು ವಾರಕ್ಕೊಮ್ಮೆ ಕೂರುತ್ತಿದ್ದ ಒಂದು ಕ್ಲಿನಿಕ್ಕಿಗೆ ವಿರಾಜಪೇಟೆ ಕಡೆಯ ಹಿರಿಯರೊಬ್ಬರನ್ನು ಮಗ ಕರೆತಂದ. ಇನ್ನೊಂದು ಕಡೆ ಎರಡೂ ಕಿವಿಗೆ ದುಬಾರಿ ಶ್ರವಣ ಮಿಷನ್ ಹಾಕಿಸಲು ಹೇಳಿ ಕೊಟೇಶನ್ ಕೊಟ್ಟಿದ್ದರು. ಪರೀಕ್ಷೆ ಮಾಡಿದೆ. ಕೇಳುವಿಕೆಯ ನಕ್ಷೆಯಲ್ಲಿ ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ ಎಂದರ್ಥ. ಅದರಲ್ಲಿ ಕೆಂಪು ಸೊನ್ನೆಗಳ ಬಲಗಿವಿ ವಯಸ್ಸಿಗೆ ತಕ್ಕ ಹಾಗೇ ಇತ್ತು. ನೀಲಿ ಗುಣಾಕಾರ ಚಿಹ್ನೆಗಳ ಎಡಗಿವಿಯ ಗೆರೆ 2000 ಹರ್ಟ್ಸ್‌ವರೆಗೆ ಪರವಾಗಿಲ್ಲ, 4000ದ ಹತ್ತಿರ ಗುಂಡಿಗೆ ಬಿದ್ದು 8000ಕ್ಕೆ ಮತ್ತೆ ಮೇಲೆದ್ದಿತ್ತು. “ಬಂದೂಕು ಬಲ ಹೆಗಲಿಗಾ?” ಎಂದೆ. “ಅದು ನಿನಗೆ ಹೇಗೆ ಗೊತ್ತಾಯಿತು ಮಗಳೇ!” ಎಂದರು. 4000ದ ಹತ್ತಿರದ ಇಂಥ ಗುಂಡಿ ಸಾಮಾನ್ಯವಾಗಿ ದೊಡ್ಡ ಸದ್ದಿನ ಪೆಟ್ಟಿನ ಗುರುತು. ಬಲ ಹೆಗಲಿಗೆ ಕೋವಿ ಇಟ್ಟಾಗ ನಳಿಗೆಯ ಬಾಯಿಗೆ ಹತ್ತಿರ ಇರುವುದು ಎಡಗಿವಿ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿ, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಿನ ಗುಂಡು, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆ ಸದ್ದೆಲ್ಲ ಹಾಳೆಯ ಮೇಲಿತ್ತು. ಮನೆಯವರ ಮಾತು, ಫೋನು, ಟಿ.ವಿ., ಎಲ್ಲ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಸದ್ಯ ಮಿಷನ್ ಬೇಡ, ಗುಂಡು ಹೊಡೆಯುವಾಗ ಕಿವಿಗೆ ಮಫ್ ಹಾಕಿ, ವರ್ಷ ಬಿಟ್ಟು ಬನ್ನಿ ಎಂದು ಬರೆದುಕೊಟ್ಟೆ. ಮಿಷನ್ ಮಾರಿದರೆ ಕಮಿಷನ್ ಇರುವ ಜಾಗದಲ್ಲಿ ಇಂಥ ಚೀಟಿ ಯಾರಿಗೂ ಇಷ್ಟವಾಗುವುದಿಲ್ಲ. ಅಲ್ಲಿ ನಾನು ಹೆಚ್ಚು ದಿನ ಇರಲೂ ಇಲ್ಲ. ಸಂಬಳ ಎಷ್ಟು ಎಂದು ಕೇಳುವ ಮೊದಲು ಆ ಸಂಬಳ ಮಾರಾಟದ ಮೇಲೆ ನಿಂತಿದೆಯೇ ಎಂದು ಕೇಳಿಕೊಳ್ಳಿ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬರುವವರದು ಇದಕ್ಕೆ ತಿರುಗುಮುರುಗು. ಬಹಳಷ್ಟು ಸವಲತ್ತಿಗೆ ಶೇ. 40 ಬೇಕು, 34 ಬಂದಿರುತ್ತದೆ. “ಅಕ್ಕಾ, ಆರು ತಾನೆ, ಸೇರಿಸಿಬಿಡಿ” ಎನ್ನುತ್ತಾರೆ. ಕೇಳುವವರು ಬಡವರೇ, ಅದಕ್ಕೇ ಕಷ್ಟ. ಬೆರಳೆತ್ತುವುದರಲ್ಲಿ ಅನುಮಾನ ಬಂದರೆ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ ಇದೆ, ಅದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಆರನ್ನು ಸೇರಿಸುವ ಮಿಷನ್ ಮಾತ್ರ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಬಾಯಿ ಮುಚ್ಚಿಕೊಂಡಿರುವುದು. ಇಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಕಡೆಯಿಂದ ನೆಂಟರು. ಒಮ್ಮೆ ಪರಿಚಯದ ಆಂಟಿ ಫೋನ್ ಮಾಡಿ ಕಾಫಿ ರೇಟು, ಆನೆ ಕಾಟ ಎಲ್ಲ ಮಾತಾಡಿ, ಕೊನೆಗೆ “ಆ ಹುಡುಗಿ ನಿನ್ನ ಹತ್ತಿರ ಬಂದಿದ್ದಳಂತಲ್ಲ, ನಮ್ಮ ಹುಡುಗನಿಗೆ ಕೇಳುತ್ತಿದ್ದೇವೆ” ಎಂದರು. ಫಲಿತಾಂಶ ಹೇಳಬಾರದು, ಅದು ಎಲ್ಲರಿಗೂ ಗೊತ್ತು. ಬಂದಿದ್ದಳು ಎನ್ನುವುದನ್ನೂ ಹೇಳಬಾರದು. ಬಂದಿಲ್ಲ ಎನ್ನುವಂತೆಯೂ ಇಲ್ಲ, ನಾಳೆ ಬೇರೆ ಯಾರದೋ ಬಗ್ಗೆ ಸುಮ್ಮನಿದ್ದರೆ ಅದೇ ಉತ್ತರವಾಗುತ್ತದೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಬಂದವರ ವಿಷಯವನ್ನೂ ಬಾರದವರ ವಿಷಯವನ್ನೂ ನಾನು ಮಾತಾಡುವುದಿಲ್ಲ. ಆಂಟಿ ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಸ್ವಲ್ಪ ಬಿಗಿಯಾಗಿಯೇ ಇರುತ್ತಾರೆ. ಥೆರಪಿಗೆ ಬರುವ ಮಕ್ಕಳ ವಿಡಿಯೋ ಸ್ಟೇಟಸ್ಸಿಗೆ ಹಾಕುವವರ ಬಗ್ಗೆ ಬರೆಯಹೊರಟರೆ ಪುಟ ಸಾಲದು.

ಇನ್ನು ಭಾಷೆ. ಮಾತು ತಡವಾದ ಮೂರು ವರ್ಷದ ಹುಡುಗ. ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಎಂದು ಯಾರೋ ಹೇಳಿದ್ದರು. ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗನ ಜೊತೆ ಮಾತನ್ನೇ ನಿಲ್ಲಿಸಿದ್ದರು. ದಿನವಿಡೀ ಅವನನ್ನು ನೋಡಿಕೊಳ್ಳುತ್ತಿದ್ದವರು ಅವರೇ! ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಮೊದಲ ದಿನ ನಾನು ಕೊಟ್ಟ ಚಿಕಿತ್ಸೆ ಎಂದರೆ, ಅಜ್ಜಿಗೆ ಮೊದಲಿನ ಹಾಗೆ ಮಾತಾಡಿ ಎಂದದ್ದು.

ಆದರೆ ಆ ಹುಡುಗನನ್ನು ಅಳೆಯಲು ನನ್ನ ಕೈಲಿದ್ದುದು ಕನ್ನಡದ ಪರೀಕ್ಷೆ. ಅದರ ಅಂಕ ಅವನಿಗೆ ಕನ್ನಡ ಎಷ್ಟು ಗೊತ್ತು ಎಂದು ಹೇಳುತ್ತದೆಯೇ ಹೊರತು ಮಾತು ಎಷ್ಟು ಗೊತ್ತು ಎಂದಲ್ಲ. ಆದ್ದರಿಂದ ಅಂಕದ ಕಾಲಂ ಖಾಲಿ ಬಿಟ್ಟು, ಅಜ್ಜಿಯ ಜೊತೆ ಆಡುವಾಗ ಅವನು ಏನೇನು ಹೇಳಿದ, ತಾಯಿ ಅದನ್ನು ಹೇಗೆ ಅರ್ಥ ಹೇಳಿದರು ಎಂದು ವಾಕ್ಯಗಳಲ್ಲಿ ಬರೆದೆ. ಅರೆಭಾಷೆಯ ಮನೆಯ ಮಕ್ಕಳಿಗೂ, ತೋಟದ ಲೈನ್ ಮನೆಗಳಿಂದ ಬರುವ ಯರವ, ಜೇನುಕುರುಬ ಮಕ್ಕಳಿಗೂ ನಾನು ಮಾಡುವುದು ಹೀಗೆಯೇ. ಆ ಮನೆಗಳ ಮಾತು ನನಗೆ ಬರುವುದಿಲ್ಲ. ಯರವ ಮಾತಾಡುವ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ. ನಿಮ್ಮ ಬ್ಯಾಚಿನಲ್ಲಿ ಆ ಮಾತು ಆಡುವವರಿದ್ದರೆ ಮೈಸೂರಿನ ಪ್ರವೇಶ ಪರೀಕ್ಷೆಗೆ ದಯವಿಟ್ಟು ಅರ್ಜಿ ಹಾಕಿ. ನನ್ನ ನಂಬರ್ ಪ್ರಾಂಶುಪಾಲರ ಹತ್ತಿರ ಇದೆ.